ಮರ್ವಿನ್ ಪ್ಲಂಕೆಟ್ಟನ ಹಸಿವು

ಭೂಮಿಯ ಮೇಲೆ ಜನ ಜಾಸ್ತಿಯಾಗಿದ್ದಾರೆ ಎಂಬ ಸಂಗತಿ ಮರ್ವಿನ್ ಪ್ಲಂಕೆಟ್ಟನಿಗೆ ಮನದಟ್ಟಾದದ್ದು ಒಂದು ಮಂಗಳವಾರ ಸಂಜೆ, ಅವನ ಮನೆಯ ಕಸದ ತೊಟ್ಟಿಯ ಮುಚ್ಚಳ ಮುಚ್ಚದೆ ಹೋದಾಗ.

ಮುಚ್ಚಳ ಮುಚ್ಚದ ತೊಟ್ಟಿಯನ್ನು ಬುಧವಾರ ಬೆಳಿಗ್ಗೆ ಬರುವ ಕಸದ ಲಾರಿ ಮುಟ್ಟುವುದಿಲ್ಲ. ಬ್ರಿಸ್ಬೇನಿನ ಹೊರವಲಯದ ಗ್ರೆವಿಲಿಯಾ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ಧರ್ಮಶಾಸ್ತ್ರ ಬೇರೆ ಇಲ್ಲ. ಅಲ್ಲಿ ಜನವರಿ ಎಂದರೆ ಸುಡುಬೇಸಿಗೆ; ಆ ಬಿಸಿಲಿನಲ್ಲಿ ಲಾರಿ ಮುಟ್ಟದೆ ಬಿಟ್ಟ ತೊಟ್ಟಿ ಎಂದರೆ ಇನ್ನೊಂದು ವಾರದ ಸೂತಕ. ಮರ್ವಿನ್ ಮುಚ್ಚಳವನ್ನು ಅಂಗೈಯಿಂದ ಒತ್ತಿದ, ಮೊಣಕೈಯಿಂದ ಒತ್ತಿದ, ಕೊನೆಗೆ ಸ್ಟೂಲು ತಂದು ಅದರ ಮೇಲೆ ಹತ್ತಿ ಕೂತ. ಕೂತಿರುವಷ್ಟು ಹೊತ್ತು ಅದು ಮುಚ್ಚಿಕೊಂಡಿತು. ಇಳಿದ ಕೂಡಲೇ ಆಕಳಿಸಿತು.

ಮರ್ವಿನ್ ಕೆಟ್ಟವನಲ್ಲ. ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರು ಓದಿ ನಿವೃತ್ತನಾದವನು. ಯಾರ ಮನೆಯ ಹುಲ್ಲನ್ನೂ ತುಳಿದವನಲ್ಲ. ಈಗ ಗುರುವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ‘ಭೂಮಿ ಮತ್ತು ನಾವು’ ಎಂಬ ಪಾಠಕ್ಕೆ ಹೋಗುತ್ತಿದ್ದ. ಅಲ್ಲಿ ಅವನಿಗೆ ಸಿಕ್ಕಿದ ಮಾತು ‘ಹೊರುವ ಶಕ್ತಿ’. ಭೂಮಿಗೆ ಇಂತಿಷ್ಟೇ ಹೊರುವ ಶಕ್ತಿ ಇದೆ, ಅದಕ್ಕಿಂತ ಹೆಚ್ಚು ಹೇರಿದರೆ ಕುಸಿಯುತ್ತದೆ. ಈ ಮಾತು ತಲೆಗೆ ಹೊಕ್ಕ ಮೇಲೆ ಅವನಿಗೆ ಕಂಡದ್ದೆಲ್ಲ ಭಾರವಾಗಿಯೇ ಕಾಣತೊಡಗಿತು.

ಅದರಲ್ಲೂ ಪಕ್ಕದ ಮನೆ. ಅಲ್ಲಿ ಟೋಂಗಾ ದ್ವೀಪದಿಂದ ಬಂದ ಸೆಲಾ, ಅವಳ ಗಂಡ, ಮಕ್ಕಳು, ತಾಯಿ, ಮೈದುನ, ಮೈದುನನ ಹೆಂಡತಿ, ಅವಳ ತಮ್ಮ, ಹೀಗೆ ಒಂದು ಬಳಗವೇ ಬಾಡಿಗೆಗಿತ್ತು. ಒಟ್ಟು ಎಷ್ಟು ಜನ ಎಂದು ತಿಳಿಯಲು ಮರ್ವಿನ್ ಬಾಗಿಲ ಮುಂದಿನ ಚಪ್ಪಲಿ ಎಣಿಸಲು ನೋಡಿದ್ದುಂಟು. ಪ್ರತಿ ಸಲವೂ ಬೇರೆ ಲೆಕ್ಕ ಬಂತು. ಒಮ್ಮೆಯಂತೂ ಬೆಸ ಸಂಖ್ಯೆ ಬಂದು, ಅವನು ಆ ವಿಚಾರವನ್ನೇ ಕೈಬಿಟ್ಟ.

ಪ್ಲಂಕೆಟ್ ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಹೆಂಡತಿ ಗ್ಲೆನಿಸ್. ಇಬ್ಬರಿಗೂ ಸೇರಿ ಅಡುಗೆಮನೆಯಲ್ಲಿ ಒಂದು ಫ್ರಿಜ್ಜು, ಕಾರಿನ ಶೆಡ್ಡಿನಲ್ಲಿ ಬಿಯರಿಗೆಂದು ಇನ್ನೊಂದು, ಅದರ ಪಕ್ಕ ಶವಪೆಟ್ಟಿಗೆಯಷ್ಟು ಉದ್ದದ ಫ್ರೀಜರು. “ಯಾರಾದ್ರೂ ಬಂದ್ರೆ ಬೇಕಲ್ಲ?” ಎನ್ನುತ್ತಿದ್ದಳು ಗ್ಲೆನಿಸ್. ಯಾರೂ ಬರುತ್ತಿರಲಿಲ್ಲ. ಆದರೆ ಬರಬಹುದಾದವರಿಗಾಗಿ ಪ್ರತಿ ಶನಿವಾರ ಸಾಮಾನು ಬರುತ್ತಿತ್ತು, ಬರದೆ ಹೋದವರ ಪಾಲು ಪ್ರತಿ ಮಂಗಳವಾರ ತೊಟ್ಟಿಗೆ ಹೋಗುತ್ತಿತ್ತು.

ಈಗ ಗುಟ್ಟಿನ ಮಾತು. ಆ ಬೀದಿಯಲ್ಲಿ ಒಬ್ಬರ ತೊಟ್ಟಿಗೆ ಇನ್ನೊಬ್ಬರು ಕಸ ಹಾಕುವುದು ಇನ್ನೊಬ್ಬರ ಹಲ್ಲುಜ್ಜುವ ಬ್ರಶ್ಶು ಬಳಸಿದ ಹಾಗೆ. ಕೊಲೆಗಾರನಿಗೆ ಕ್ಷಮೆ ಇರಬಹುದು, ಇದಕ್ಕಿಲ್ಲ. ಆದರೂ ಮರ್ವಿನ್ ಆರು ತಿಂಗಳಿನಿಂದ, ಮಂಗಳವಾರ ಸಂಜೆ ಎಲ್ಲರೂ ತೊಟ್ಟಿಗಳನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ ಮೇಲೆ, ಆಚೀಚೆ ನೋಡಿ, ಒಂದು ಚೀಲವನ್ನು ಸೆಲಾಳ ತೊಟ್ಟಿಗೆ ಇಳಿಬಿಡುತ್ತಿದ್ದ. ಪ್ರತಿ ಸಲವೂ ‘ಇದೊಂದೇ ಸಲ’ ಎಂದುಕೊಳ್ಳುತ್ತಿದ್ದ. ಅವಳ ತೊಟ್ಟಿಯಲ್ಲಿ ಯಾವಾಗಲೂ ಜಾಗವಿರುತ್ತಿತ್ತು. ಅಷ್ಟು ಜನರಿರುವ ಮನೆಯ ತೊಟ್ಟಿಯಲ್ಲಿ ಜಾಗ ಎಲ್ಲಿಂದ ಬಂತು ಎಂಬ ಪ್ರಶ್ನೆ ‘ಭೂಮಿ ಮತ್ತು ನಾವು’ ಓದುತ್ತಿದ್ದವನಿಗೆ ಒಮ್ಮೆಯೂ ಹೊಳೆಯಲಿಲ್ಲ. ವಿದ್ಯೆ ಬೇರೆ, ತೊಟ್ಟಿ ಬೇರೆ.

ಆ ಮಂಗಳವಾರವೂ ಹಾಗೆಯೇ ಆಯಿತು. ಕ್ರಿಸ್‌ಮಸ್ಸಿಗೆ ತಂದ ಹಂದಿತೊಡೆಯ ಉಳಿದರ್ಧ, ಕೆಟ್ಟುಹೋದ ಕಾಲೊತ್ತುವ ಯಂತ್ರ, ಮುಟ್ಟದೆ ಒಣಗಿದ ಕೇಕು, ಎಲ್ಲವೂ ಒಂದು ಚೀಲದಲ್ಲಿ ಸೇರಿ ಸೆಲಾಳ ತೊಟ್ಟಿಯ ತಳ ಸೇರಿದವು. ಮರ್ವಿನ್ ಕೈ ತೊಳೆದುಕೊಂಡು ಬಡಾವಣೆಯ ಸಂಘದ ಸಭೆಗೆ ಹೊರಟ. ಅವನು ಸಂಘದ ಸಹಕಾರ್ಯದರ್ಶಿ. ಎಂದರೆ ಕುರ್ಚಿ ಹಾಕುವವನು.

ಸಂಘದ ಅಧ್ಯಕ್ಷ ಡೆನ್ಜಿಲ್ ಕ್ರೌಚ್. ಅವನಿಗೆ ಎರಡು ದೊಡ್ಡ ಕಾರು, ಒಂದು ಮನೆಯಂಥ ಗಾಡಿ, ಮತ್ತು ನೀರನ್ನೇ ಕಾಣದ ಒಂದು ಮೋಟಾರು ದೋಣಿ ಇದ್ದವು. ಇವೆಲ್ಲ ಅವನ ಅಂಗಳದಲ್ಲಿ ಹಿಡಿಯದೆ ರಸ್ತೆಯಲ್ಲೇ ನಿಲ್ಲುತ್ತಿದ್ದವು. ಅವನು ಎದ್ದು ನಿಂತು ಹೇಳಿದ: “ನೋಡಿ, ಬೀದಿ ತುಂಬಿಹೋಗಿದೆ. ಕಾಲಿಡೋಕೆ ಜಾಗ ಇಲ್ಲ. ಇದಕ್ಕೆಲ್ಲ ಯಾರು ಕಾರಣ? ಒಂದೇ ಮನೇಲಿ ಅಷ್ಟು ಜನ! ಆ ಮನೆ ಏಜೆಂಟು ನನಗೆ ಗೊತ್ತಿರೋನೇ. ತಿಂಗಳ ಕೊನೆಗೆ ಅವರ ಕರಾರು ಮುಗಿಯುತ್ತೆ. ಏನಾದ್ರೂ ಒಂದು ಕಾರಣ ಕೊಡಿ, ಮುಂದುವರಿಸಲ್ಲ ಅಂದಿದಾನೆ.”

ಸಭೆ ಹೌದೌದು ಎಂದಿತು. ಮರ್ವಿನ್‌ಗೆ ಕಸಿವಿಸಿಯಾಯಿತು. ಕಾರಣವಿಲ್ಲದೆ ಒಬ್ಬರನ್ನು ಎತ್ತಂಗಡಿ ಮಾಡುವುದು ನ್ಯಾಯವಲ್ಲ ಎಂದು ಅವನ ಮನಸ್ಸಿಗೆ ಬಂತು. ನ್ಯಾಯ ಹೇಳುವ ಚಟ ಒಳ್ಳೆಯದೇ, ಆದರೆ ಎದ್ದು ನಿಲ್ಲುವ ಮುಂಚೆ ಸ್ವಲ್ಪ ಯೋಚಿಸಬೇಕು.

“ನಾನೊಂದು ಮಾತು... ಅಂದ್ರೆ, ತಲೆ ಎಣಿಸಿದ್ರೆ ಸಾಲದು ಅಂತ ನಮ್ಮ ಕ್ಲಾಸಲ್ಲಿ ಹೇಳ್ತಾರೆ,” ಎಂದ. “ಯಾರು ಎಷ್ಟು ಭಾರ ಹಾಕ್ತಾರೆ ಅನ್ನೋದು ಮುಖ್ಯ. ಹೇಗೂ ಈ ತಿಂಗಳು ನಗರಸಭೆಯೋರು ಬುಧವಾರ ಬುಧವಾರ ಬಂದು ತೊಟ್ಟಿ ತೆಗೆದು ನೋಡ್ತಿದಾರಲ್ಲ, ಅದನ್ನೇ ಸಾಕ್ಷಿ ಇಟ್ಕೊಳ್ಳೋಣ. ಮನುಷ್ಯ ಸುಳ್ಳು ಹೇಳ್ಬಹುದು. ಕಸದ ತೊಟ್ಟಿ ಹೇಳಲ್ಲ.”

ಚಪ್ಪಾಳೆ ಬಿತ್ತು. ಮರ್ವಿನ್‌ನ ಬದುಕಿನಲ್ಲಿ ಬಿದ್ದ ಮೊದಲ ಚಪ್ಪಾಳೆ. ಡೆನ್ಜಿಲ್ ಬಂದು ಬೆನ್ನು ತಟ್ಟಿ, “ಪ್ಲಂಕೆಟ್, ನಿನ್ನಲ್ಲಿ ಇಷ್ಟು ಬುದ್ಧಿ ಇದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ! ಅವರ ತೊಟ್ಟೀಲಿ ಏನೇನು ಸಿಗುತ್ತೋ ನೋಡೇಬಿಡೋಣ,” ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮರ್ವಿನ್ ಕುಂಬಳಕಾಯಿಯನ್ನು ಹೆಗಲ ಮೇಲೆ ಇಟ್ಟುಕೊಂಡೇ ‘ಕಳ್ಳನನ್ನು ಹುಡುಕೋಣ ಬನ್ನಿ’ ಎಂದು ಭಾಷಣ ಮಾಡಿದ್ದ. ಕುರ್ಚಿ ಮಡಿಸುವಾಗ ಅವನಿಗೆ ಅದು ಹೊಳೆಯಿತು. ಸೆಲಾಳ ತೊಟ್ಟಿಯ ತಳದಲ್ಲಿ ಅವನ ಹಂದಿತೊಡೆ ಮಲಗಿತ್ತು. ತಪಾಸಣೆಯವರು ನಾಳೆಯೇ ಬಂದರೂ ಬರಬಹುದು.

ಬೆಳಕು ಹರಿಯುವ ಹೊತ್ತಿಗೆ ಅವನು ರಸ್ತೆ ಬದಿಯಲ್ಲಿದ್ದ. ಅಲ್ಲಿ ಅವನಿಗಿಂತ ಮೊದಲೇ ಬಂದಿದ್ದುದು ಒಂದು ಕೆಂಬರಲು ಹಕ್ಕಿ ಮಾತ್ರ. ಮೊಳದುದ್ದ ಬಾಗಿದ ಕೊಕ್ಕಿನ, ಮಾಸಿದ ಬಿಳಿಯ ಈ ಹಕ್ಕಿಯನ್ನು ಊರವರು ಕಸದ ಕೋಳಿ ಎನ್ನುತ್ತಾರೆ. ಅದು ವೃತ್ತಿಬಾಂಧವನನ್ನು ನೋಡುವಂತೆ ಮರ್ವಿನ್‌ನನ್ನು ನೋಡಿತು. ಅವನು ಮುಚ್ಚಳ ತೆರೆದು ಕೈ ಇಳಿಬಿಟ್ಟ. ಚೀಲ ಸಿಗಲಿಲ್ಲ. ಹೊಟ್ಟೆಯನ್ನು ಅಂಚಿಗೆ ಊರಿ ಬಗ್ಗಿದ. ಚೀಲದ ಬಾಯಿ ಸಿಕ್ಕಿತು, ಎಳೆದ, ಅದು ಹರಿಯಿತು, ಕೈಗೆ ಮೂಳೆ ಬಂತು. ಇನ್ನೂ ಒಂದು ಗೇಣು ಬಗ್ಗಿದ. ಆ ಗೇಣು ಮನುಷ್ಯನಿಗೆ ಹೇಳಿ ಮಾಡಿಸಿದ್ದಲ್ಲ. ಮರ್ವಿನ್‌ನ ಎರಡೂ ಕಾಲು ಆಕಾಶ ನೋಡಿದವು.

ಸೆಲಾಳ ತಾಯಿ ಕಲೊಲೈನೆ ಅಜ್ಜಿ ದಿನಾ ಬೆಳಗಾಗುವ ಮುಂಚೆಯೇ ಎದ್ದು ಅಂಗಳ ಗುಡಿಸುವವಳು. ತೆಂಗಿನ ಕಡ್ಡಿಯ ಪೊರಕೆ ಹಿಡಿದು ಗೇಟಿನ ಹತ್ತಿರ ಬಂದವಳಿಗೆ ತಮ್ಮ ತೊಟ್ಟಿಯಿಂದ ಎರಡು ಕಾಲು ಹೊರಬಂದಿರುವುದು ಕಂಡಿತು.

“ಯಾರದು?” ಎಂದಳು.

“ನಾನು... ಪಕ್ಕದ ಮನೆಯವನು,” ಎಂದು ಬಾವಿಯೊಳಗಿನಿಂದ ಬಂದಂತೆ ದನಿ ಬಂತು.

“ಪಕ್ಕದ ಮನೆಯೋನಾದ್ರೆ ತಲೆ ಮೇಲ್ಮಾಡಿ ಮಾತಾಡು.”

ಅಜ್ಜಿ ಸಣ್ಣ ಆಳಲ್ಲ. ಅವನ ಬೆಲ್ಟು ಹಿಡಿದು ಮೂಲಂಗಿ ಕಿತ್ತಂತೆ ಕಿತ್ತು ನಿಲ್ಲಿಸಿದಳು. ಮರ್ವಿನ್‌ನ ಕೈಯಲ್ಲಿ ಹಂದಿತೊಡೆ ಇತ್ತು, ಕಿವಿಯ ಮೇಲೆ ಕೇಕಿತ್ತು. ಅಜ್ಜಿ ಆ ಮಾಂಸವನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ಹಸಿವಾ, ಮಗಾ?”

ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ‘ಇಲ್ಲ ತಾಯಿ, ಇದು ನನ್ನದೇ ಕಸ, ನಾನೇ ನಿಮ್ಮ ತೊಟ್ಟಿಗೆ ಹಾಕಿದ್ದು’ ಎಂಬುದು ಒಂದು. ಮರ್ವಿನ್ ಬಾಯಿ ತೆರೆದ. ಬಾಯಿಂದ ಬಂದದ್ದು ಇನ್ನೊಂದು.

“ಸ್ವಲ್ಪ,” ಎಂದ.

ಆ ಮಧ್ಯಾಹ್ನವೇ ಸೆಲಾ ಬಾಗಿಲು ಬಡಿದಳು. ಕೈಯಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆಯ ತಟ್ಟೆ, ಅದರ ಮೇಲೆ ಕೆಸುವಿನ ಎಲೆಯಲ್ಲಿ ಮಾಂಸ ಮತ್ತು ತೆಂಗಿನ ಹಾಲು ಸುತ್ತಿ ಬೇಯಿಸಿದ ಕಟ್ಟುಗಳು.

“ಪ್ಲಂಕೆಟ್ ಅವರೇ, ನಾಚ್ಕೋಬೇಡಿ,” ಎಂದಳು. “ನಾನು ವೃದ್ಧಾಶ್ರಮದಲ್ಲಿ ಕೆಲಸ ಮಾಡೋಳು. ನಿಮ್ಮಂಥೋರನ್ನ ದಿನಾ ನೋಡ್ತೀನಿ.”

“ಇವನಂಥೋರು ಅಂದ್ರೆ ಎಂಥೋರು?” ಎಂದು ಗ್ಲೆನಿಸ್ ಒಳಗಿನಿಂದ ಬಂದಳು.

“ನಿಮಗೂ ಸೇರಿಸೇ ತಂದಿದೀನಿ ಅಕ್ಕಾ. ಅಳಬೇಡಿ,” ಎಂದು ಸೆಲಾ ಅವಳ ಕೈ ಹಿಡಿದು ಒತ್ತಿ ಹೊರಟುಹೋದಳು.

ಅಳುವ ಯಾವ ಯೋಚನೆಯೂ ಇರದಿದ್ದ ಗ್ಲೆನಿಸ್ ಗಂಡನ ಕಡೆ ತಿರುಗಿದಳು. ಮರ್ವಿನ್ ಎಲ್ಲ ಹೇಳಿದ. ಗ್ಲೆನಿಸ್ ಕುರ್ಚಿ ಹುಡುಕಿ ಕೂತಳು.

“ಮೂರು ಫ್ರಿಜ್ಜಿರೋ ಮನೆ ಕಣೋ ಇದು! ಈಗಲೇ ಹೋಗಿ ನಿಜ ಹೇಳಿ ಬಾ.”

“ಏನಂತ ಹೇಳ್ಲಿ? ಆರು ತಿಂಗಳಿಂದ ನಿಮ್ಮ ತೊಟ್ಟೀಲಿ ನಮ್ಮ ಕಸ ಹಾಕ್ತಿದ್ದೆ, ಆಮೇಲೆ ಅದನ್ನ ತಪಾಸಣೆ ಮಾಡಿಸಿ ಅಂತ ನಾನೇ ಸಭೇಲಿ ಹೇಳ್ದೆ, ಅಂತಲಾ?”

ತೊಟ್ಟಿಯ ಮಾತು ಬೀದಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಗ್ಲೆನಿಸ್ ಮನಸ್ಸಿನಲ್ಲೇ ಒಂದು ಸುತ್ತು ನಡೆದು ನೋಡಿ ಬಂದಳು.

“ಹಸಿವೇ ಇರ್ಲಿ ಬಿಡು,” ಎಂದಳು.

ಮರುದಿನ ಮರಗೆಣಸು ಬಂತು. ಅದರ ಮರುದಿನ ಮೀನು. ತಟ್ಟೆಗಳ ಅಳತೆ ಆ ಮನೆಯ ಅಳತೆ. ಇಬ್ಬರಿಗೆಂದು ಕಳಿಸಿದ್ದರಲ್ಲಿ ಎಂಟು ಜನ ಉಣ್ಣಬಹುದಿತ್ತು. ಮರ್ವಿನ್ ಬೆಲ್ಟಿನ ತೂತು ಬದಲಿಸಿ ಬದಲಿಸಿ ತಿಂದ. ಆದರೂ ಉಳಿಯಿತು. ಮೂರೂ ಫ್ರಿಜ್ಜಿನಲ್ಲಿ ಕೂದಲೆಳೆ ತೂರಲೂ ಜಾಗವಿರಲಿಲ್ಲ, ಏಕೆಂದರೆ ಶನಿವಾರದ ಸಾಮಾನು ಶನಿವಾರ ಬಂದೇ ಬಂದಿತ್ತು. ಉಳಿದ ಊಟ ತೊಟ್ಟಿಗೆ ಹೋಯಿತು. ಸೆಲಾಳ ತೊಟ್ಟಿಯ ಕಡೆ ಈಗ ತಲೆ ಹಾಕುವಂತಿರಲಿಲ್ಲವಾದ್ದರಿಂದ ಎಲ್ಲವೂ ಅವನದಕ್ಕೇ ಹೋಯಿತು.

“ಖಾಲಿ ತಟ್ಟೆ ವಾಪಸು ಕೊಡೋದು ಚೆನ್ನಾಗಿರಲ್ಲ,” ಎಂದಳು ಗ್ಲೆನಿಸ್ ಶನಿವಾರ ಸಂಜೆ. “ಫ್ರೀಜರಲ್ಲಿ ಒಳ್ಳೇ ಸೀಗಡಿ ಇದೆ. ತಗೊಂಡು ಹೋಗಿ ಕೊಡು. ನಾವೂ ಉಂಡು ತಿಂದು ಇರೋ ಜನ ಅಂತ ಗೊತ್ತಾಗ್ಲಿ.”

ಮರ್ವಿನ್ ಫ್ರೀಜರಿನೊಳಗೆ ಬಗ್ಗಿ ಹೆಪ್ಪುಗಟ್ಟಿದ ಒಂದು ದೊಡ್ಡ ಕಟ್ಟನ್ನು ಎತ್ತಿ, ಬೇಲಿಯ ಮೇಲಿನಿಂದ ಅಜ್ಜಿಯ ಕೈಗಿತ್ತ. “ಸೀಗಡಿ. ನಮ್ಮ ಕಡೆಯಿಂದ,” ಎಂದ. ಹಿಂದಿರುಗಿ ಬಂದಾಗ ಅವನ ಎದೆ ಒಂದು ಅಂಗುಲ ಮುಂದಿತ್ತು.

ಆ ಬೀದಿಯಲ್ಲಿ ಸೀಗಡಿ ಸುಲಿದ ತಲೆ, ಸಿಪ್ಪೆಗಳನ್ನು ಯಾರೂ ನೇರವಾಗಿ ತೊಟ್ಟಿಗೆ ಹಾಕುವುದಿಲ್ಲ. ಬಿಸಿಲಿಗೆ ಎರಡೇ ದಿನದಲ್ಲಿ ಬೀದಿಯೇ ಊರು ಬಿಡಬೇಕಾದೀತು. ಕಟ್ಟಿ ಫ್ರೀಜರಿನಲ್ಲಿಟ್ಟು, ಲಾರಿ ಬರುವ ಬೆಳಿಗ್ಗೆ ಮಾತ್ರ ಹೊರಗೆ ಹಾಕುತ್ತಾರೆ. ಪ್ಲಂಕೆಟ್ ಮನೆಯಲ್ಲಿ ತೊಟ್ಟಿ ಸದಾ ತುಂಬಿರುತ್ತಿದ್ದುದರಿಂದ ಕ್ರಿಸ್‌ಮಸ್ಸಿನ ತಲೆಗಳು ಇನ್ನೂ ಫ್ರೀಜರಿನಲ್ಲೇ ಸರದಿ ಕಾಯುತ್ತಿದ್ದವು.

“ಮರ್ವ್,” ಎಂದಳು ಗ್ಲೆನಿಸ್ ಶೆಡ್ಡಿನಿಂದ. “ಸೀಗಡಿ ಇಲ್ಲೇ ಇದೆಯಲ್ಲೋ. ನೀನು ಕೊಟ್ಟಿದ್ದೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಸೆಲಾಳ ದನಿ ಕೇಳಿತು: “ಪ್ಲಂಕೆಟ್ ಅವರೇ, ಅಮ್ಮ ಕಟ್ಟು ಬಿಚ್ಚಿ ನೋಡಿ ಅಳ್ತಾ ಕೂತಿದಾಳೆ. ‘ತಿರುಳು ತಿನ್ನೋಕೆ ಅವರಿಗೆ ಗತಿ ಇಲ್ಲ, ಇದ್ದಬದ್ದ ತಲೇನೂ ನಮಗೇ ಕೊಟ್ರಲ್ಲ’ ಅಂತ. ನಾಳೆ ಚರ್ಚಲ್ಲಿ ಪಾದ್ರಿಗೆ ಹೇಳ್ತಾಳಂತೆ!”

“ಬೇಡ ಅನ್ನೋ,” ಎಂದು ಗ್ಲೆನಿಸ್ ಪಿಸುಗುಟ್ಟಿದಳು.

“ಬೇಡಮ್ಮ!” ಎಂದು ಮರ್ವಿನ್ ಕೂಗಿದ.

“ನೋಡು, ಎಷ್ಟು ಸಂಕೋಚದ ಜೀವ,” ಎಂದು ಆ ಕಡೆ ಅಜ್ಜಿ ಮೂಗು ಸೀಟಿದ್ದು ಕೇಳಿಸಿತು.

ಭಾನುವಾರ ಟೋಂಗಾದವರ ಚರ್ಚಿನಲ್ಲಿ ಬೈಬಲ್ಲಿನ ಬಡ ವಿಧವೆ ತನ್ನಲ್ಲಿದ್ದ ಎರಡೇ ಕಾಸನ್ನು ದೇವರಿಗೆ ಹಾಕಿದ ಕಥೆಯ ಮೇಲೆ ಉಪದೇಶವಾಯಿತು. ಉದಾಹರಣೆ ಗ್ರೆವಿಲಿಯಾ ರಸ್ತೆಯಿಂದ ಬಂತು. ಆಮೇಲೆ ಚರ್ಚಿನ ಇಡೀ ಸಭೆ, ಬಿಳಿ ಅಂಗಿ, ಅವರ ಪದ್ಧತಿಯಂತೆ ಸೊಂಟಕ್ಕೆ ಸುತ್ತಿದ ಚಾಪೆಗಳ ಸಮೇತ ಪ್ಲಂಕೆಟ್ ಮನೆಯ ಹುಲ್ಲಿನ ಮೇಲೆ ಬಂದು ನಿಂತಿತು. ಮುಂದೆ ಇಬ್ಬರು ಒಂದು ಮೇಜನ್ನು ಹೊತ್ತಿದ್ದರು. ಮೇಜಿನ ಮೇಲೆ ಇಡಿಯಾಗಿ ಸುಟ್ಟ ಹಂದಿಮರಿ ಮಲಗಿತ್ತು. ಹಿಂದೆ ಹಿತ್ತಾಳೆ ವಾದ್ಯದವರು. ನಾಲ್ಕು ಶ್ರುತಿಯಲ್ಲಿ ಹಾಡು ಎದ್ದಾಗ ಡೆನ್ಜಿಲ್‌ನ ದೋಣಿಯ ಕಿಟಕಿ ಅದುರಿತು. ಪಾದ್ರಿ ಪ್ರಾರ್ಥಿಸಿದ: “ದೇವರೇ, ಈ ದಂಪತಿಗೆ ಅನ್ನ ಕೊಡು.”

“ಬಡ ವಿಧವೆಯಂತೆ! ನೀನು ಗುಂಡುಕಲ್ಲಿನ ಹಾಗೆ ಬದುಕಿರೋವಾಗ ನಾನು ಹೇಗೋ ವಿಧವೆ?” ಎಂದು ಗ್ಲೆನಿಸ್ ಹಲ್ಲು ಕಚ್ಚಿಕೊಂಡೇ ನಕ್ಕಳು. ಬೀದಿಯ ಎಲ್ಲ ಪರದೆಗಳೂ ಒಂದೊಂದು ಬೆರಳು ಸರಿದಿದ್ದವು.

ಆ ಮೇಲೆ ಬೀದಿಗೆ ಬೇರೆ ಕೆಲಸ ಬೇಕಾಗಲಿಲ್ಲ. ಮರ್ವಿನ್ ಜೂಜಿನ ಯಂತ್ರಕ್ಕೆ ಪಿಂಚಣಿಯನ್ನೆಲ್ಲ ಹಾಕಿದ ಎಂದು ಒಬ್ಬರು. ಇಲ್ಲ, ಗ್ಲೆನಿಸ್ ಯಾವುದೋ ಪರದೇಶದ ರಾಜಕುಮಾರನಿಗೆ ಕಂಪ್ಯೂಟರಿನಲ್ಲಿ ಹಣ ಕಳಿಸಿದಳು ಎಂದು ಇನ್ನೊಬ್ಬರು. ಕ್ಷೌರದಂಗಡಿಯ ಹೆಂಗಸು ಗ್ಲೆನಿಸ್‌ಳ ತಲೆ ತೊಳೆಯುತ್ತಾ, “ಈ ಸಲ ದುಡ್ಡು ಬೇಡ ಬಿಡಿ,” ಎಂದಾಗ ಅವಳು ಒದ್ದೆ ತಲೆಯಲ್ಲೇ ಎದ್ದು ಬಂದಳು. ಸೋಮವಾರ ಡೆನ್ಜಿಲ್ ಖುದ್ದಾಗಿ ಬಂದ. ದನಿ ತಗ್ಗಿಸಿ, “ನನ್ನ ಹತ್ರ ಹೇಳ್ಕೊಳ್ಳೋ. ಜೂಜು ತಾನೇ?” ಎಂದು ಕೇಳಿ, ಒಂದು ಪೊಟ್ಟಣ ಬಿಸ್ಕತ್ತು ಮೇಜಿನ ಮೇಲಿಟ್ಟು ಹೋದ. ಅದರ ಅವಧಿ ಹಿಂದಿನ ಈಸ್ಟರಿಗೇ ಮುಗಿದಿತ್ತು. ಅದೂ ತೊಟ್ಟಿಗೆ ಹೋಯಿತು.

ಬುಧವಾರ ತಪಾಸಣೆಯವಳು ಬಂದಳು. ಹೆಸರು ಶಾಂಟೆಲ್. ಕಿತ್ತಳೆ ಅಂಗಿ, ಮೊಣಕೈವರೆಗೆ ಕೈಗವಸು, ಕೈಯಲ್ಲಿ ಇಕ್ಕಳ, ಸೊಂಟದಲ್ಲಿ ಎರಡು ಬಗೆಯ ಚೀಟಿಗಳ ಗೊಂಚಲು. ಹಸಿರು ಚೀಟಿಯ ಮೇಲೆ ನಗುವ ಮುಖ, ಕೆಂಪಿನ ಮೇಲೆ ಅಳುವ ಮುಖ. ಅವಳ ಹಿಂದೆ ಡೆನ್ಜಿಲ್, ಡೆನ್ಜಿಲ್‌ನ ಹಿಂದೆ ಸಂಘ, ಸ್ವಲ್ಪ ದೂರದಲ್ಲಿ ಕೆಂಬರಲು ಹಕ್ಕಿ. ಮರ್ವಿನ್ ತನ್ನ ತೊಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದ. ಮುಚ್ಚಳ ಅವನ ಬೆನ್ನನ್ನು ನೂಕುತ್ತಿತ್ತು.

“ಮೊದ್ಲು ಇದು,” ಎಂದು ಡೆನ್ಜಿಲ್ ಸೆಲಾಳ ತೊಟ್ಟಿ ತೋರಿಸಿದ.

ಸೆಲಾಳೂ ಅಜ್ಜಿಯೂ ಗೇಟಿನಲ್ಲಿ ನಿಂತಿದ್ದರು. ಸೆಲಾಳಿಗೆ ಏಜೆಂಟನ ವಿಷಯ ಯಾರೋ ಹೇಳಿದ್ದರು. ಅವಳು ಕೆಲಸದ ಸಮವಸ್ತ್ರದಲ್ಲೇ ಇದ್ದಳು, ಕೆಲಸಕ್ಕೆ ಹೋಗಿರಲಿಲ್ಲ.

ಶಾಂಟೆಲ್ ಮುಚ್ಚಳ ತೆಗೆದಳು. ತಳದಲ್ಲಿ ಎರಡು ಸಣ್ಣ ಚೀಲ ಬಿಟ್ಟರೆ ಏನೂ ಇಲ್ಲ.

“ಅಷ್ಟೇನಾ?” ಎಂದ ಡೆನ್ಜಿಲ್. “ಬೇರೆಲ್ಲೋ ಬಚ್ಚಿಟ್ಟಿದಾರೆ.”

“ಏನ್ರೀ ಬಚ್ಚಿಡೋದು?” ಎಂದಳು ಸೆಲಾ. “ಸಿಪ್ಪೆ ನಮ್ಮ ಚಿಕ್ಕಪ್ಪನ ಹಂದಿಗೆ. ಡಬ್ಬಿ, ಶೀಸೆ ಚರ್ಚಿನ ವಾದ್ಯದೋರಿಗೆ, ಮಾರಿ ತುತ್ತೂರಿ ತಗೋತಾರೆ. ಸಣ್ಣದಾಗಿರೋ ಬಟ್ಟೆ ಪೀಪಾಯೀಲಿ ತುಂಬಿ ಹಡಗಲ್ಲಿ ನಮ್ಮೂರಿಗೆ. ಇಷ್ಟು ಬಾಯಿ ಇರೋ ಮನೇಲಿ ಬಿಸಾಕೋಕೆ ಏನು ಉಳಿಯುತ್ತೆ, ನೀವೇ ಹೇಳಿ. ಕೊನೇ ತುಂಡಿಗೆ ದಿನಾ ಜಗಳ ನಮ್ಮಲ್ಲಿ.”

ಶಾಂಟೆಲ್ ನಗುವ ಮುಖವನ್ನು ಆ ತೊಟ್ಟಿಯ ಕಿವಿಗೆ ಕಟ್ಟಿದಳು. ಆಮೇಲೆ ಮರ್ವಿನ್ ಕಡೆ ನೋಡಿ, “ಸ್ವಲ್ಪ ಸರೀತೀರಾ ಅಂಕಲ್?” ಎಂದಳು.

ಮರ್ವಿನ್ ಸರಿದ. ಮುಚ್ಚಳ ತಾನೇ ತೆರೆದುಕೊಂಡಿತು. ಕೆಸುವಿನ ಎಲೆ ಹೊರಗೆ ಇಣುಕಿತು. ಶಾಂಟೆಲ್ ಇಕ್ಕಳದಿಂದ ಒಂದೊಂದೇ ಎತ್ತಿದಳು: ಗೆಡ್ಡೆ, ಮರಗೆಣಸು, ಮೀನು, ಕೊನೆಗೆ ಹಂದಿಮರಿಯ ದವಡೆ, ಅರ್ಧ ಬೆನ್ನಿನ ಸಮೇತ. ಡೆನ್ಜಿಲ್ ಮುಂದೆ ನುಗ್ಗಿದ.

“ಸಿಕ್ಕಿತು!” ಎಂದು ಕೂಗಿದ. “ಇದೇನು ಪ್ಲಂಕೆಟ್ ತಿನ್ನೋ ಊಟವಾ? ಕೆಸುವಿನೆಲೆ! ಹಂದಿ ದವಡೆ! ಇದಕ್ಕೇ ಅವರ ತೊಟ್ಟಿ ಖಾಲಿ! ತಮ್ಮ ಕಸಾನೆಲ್ಲ ತಂದು, ಗತಿಯಿಲ್ಲದ ಈ ಬಡಪಾಯಿ ತೊಟ್ಟಿಗೆ ತುಂಬಿದಾರೆ ನೋಡಿ! ಕಳ್ಳರು!” ಹೇಳುತ್ತಲೇ ಜೇಬಿನಿಂದ ಫೋನು ತೆಗೆದ. “ಏಜೆಂಟಿಗೆ ಈಗಲೇ ಹೇಳ್ತೀನಿ. ತಿಂಗಳ ಕೊನೆಗೆ ಪೆಟ್ಟಿಗೆ ಕಟ್ಟಿ.”

ಸೆಲಾಳೂ ಅಜ್ಜಿಯೂ ಇಕ್ಕಳದ ತುದಿಯಲ್ಲಿ ನೇತಾಡುತ್ತಿದ್ದ ದವಡೆಯನ್ನೇ ನೋಡುತ್ತಿದ್ದರು. ಅದನ್ನು ಯಾರು ಸುಟ್ಟದ್ದು, ಯಾರಿಗೆ ಕೊಟ್ಟದ್ದು ಎಂಬುದು ಅವರಿಗೆ ಗೊತ್ತಿತ್ತು.

ಮರ್ವಿನ್ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನ ಮಾನ ಉಳಿಯುತ್ತಿತ್ತು, ಪಕ್ಕದ ಮನೆ ಖಾಲಿಯಾಗುತ್ತಿತ್ತು, ಬೀದಿ ‘ಅಯ್ಯೋ ಪಾಪ’ ಎನ್ನುತ್ತಿತ್ತು. ಅವನು ಗ್ಲೆನಿಸ್ ಕಡೆ ನೋಡಿದ. ಗ್ಲೆನಿಸ್ ಕಣ್ಣು ಮುಚ್ಚಿ, ‘ಆಗಲಿ’ ಎಂಬಂತೆ ಒಮ್ಮೆ ತಲೆಯಾಡಿಸಿದಳು.

“ಡೆನ್ಜಿಲ್, ಫೋನ್ ಒಳಗಿಡು,” ಎಂದ ಮರ್ವಿನ್. “ಭೂಮಿಗೆ ಒಂದು ಹೊರುವ ಶಕ್ತಿ ಅಂತ ಇದೆ...”

“ವಿಷಯಕ್ಕೆ ಬಾರೋ!” ಎಂದಳು ಗ್ಲೆನಿಸ್.

“ಅದನ್ನ ಅವರು ಹಾಕಿಲ್ಲ. ನಾನೇ ಹಾಕಿದ್ದು. ಅವರು ನಮಗೆ ಊಟ ಕೊಟ್ರು. ತಿನ್ನೋಕಾಗ್ಲಿಲ್ಲ, ಎಸೆದೆ. ಫ್ರಿಜ್ಜಲ್ಲಿ ಜಾಗ ಇರ್ಲಿಲ್ಲ. ಮೂರರಲ್ಲೂ ಇರ್ಲಿಲ್ಲ. ಅದಕ್ಕೂ ಮುಂಚೆ ಆರು ತಿಂಗಳಿಂದ ನಮ್ಮ ಕಸಾನ ಅವರ ತೊಟ್ಟಿಗೆ ಹಾಕ್ತಿದ್ದೋನೂ ನಾನೇ. ಅವತ್ತು ಬೆಳಿಗ್ಗೆ ತೊಟ್ಟಿ ಒಳಗೆ ಬಿದ್ದಿದ್ದು ಹಸಿವಿಗಲ್ಲ. ನನ್ನ ಹಂದಿತೊಡೆ ವಾಪಸು ತಗೊಳ್ಳೋಕೆ.”

ಇನ್ನೊಬ್ಬರ ತೊಟ್ಟಿಗೆ ಕಸ! ಸಂಘದ ಒಬ್ಬ ಹೆಂಗಸು ಎದೆ ಮುಟ್ಟಿಕೊಂಡಳು. ಡೆನ್ಜಿಲ್ ಫೋನು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದರಿಂದಲೇ ಕಿವಿ ತುರಿಸಿಕೊಂಡ. ಶಾಂಟೆಲ್ ಒಂದು ಅಳುವ ಮುಖವನ್ನು ಕಟ್ಟಿದಳು. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಇನ್ನೊಂದು ಕಟ್ಟಿದಳು.

ಅಜ್ಜಿ ಗೇಟು ತೆಗೆದು ಬಂದಳು. ಕೈಯಲ್ಲಿ ಪೊರಕೆ ಇತ್ತು.

“ಕೋಳಿ ಕೂಗೋ ಮುಂಚೆ ಎದ್ದು ಸುಟ್ಟಿದ್ದು ಆ ಹಂದೀನ,” ಎಂದಳು. “ತಿರುಗಿಸಿ ತಿರುಗಿಸಿ ನನ್ನ ರಟ್ಟೆ ಬಿದ್ದುಹೋಗಿತ್ತು.” ಪೊರಕೆಯಿಂದ ಮರ್ವಿನ್‌ನ ಮೀನಖಂಡಕ್ಕೆ ಒಂದು ಬಿಗಿದಳು. ಅವನು ಕುಣಿದ. ಅಜ್ಜಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಪೊರಕೆ ಊರಿಕೊಂಡು ನಿಂತು ತೊಟ್ಟಿಯನ್ನು ನೋಡಿದಳು.

“ಹಾಗಾದ್ರೆ ಹಸಿವು ಇರ್ಲಿಲ್ವಾ?”

“ಇರ್ಲಿಲ್ಲಮ್ಮ.”

“ಊಟ ಇತ್ತಾ?”

“ಬೇಕಾದಷ್ಟಿತ್ತು.”

“ಮತ್ತೆ ತಿನ್ನೋಕೆ ಜನ?”

ಗುರುವಾರದ ಪಾಠದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

“ನಾವಿಬ್ಬರೇ,” ಎಂದ.

ಅಜ್ಜಿಯ ಮುಖ ಮತ್ತೆ ಕರಗಿತು. “ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡ ಬಡತನ ಇದು ಸೆಲಾ,” ಎಂದಳು. “ಅನ್ನ ಇಲ್ಲ ಅಂದ್ರೆ ಕೊಡಬಹುದು. ಇವರಿಗೆ ಜನರೇ ಇಲ್ಲ.” ತಿರುಗಿ ಗ್ಲೆನಿಸ್‌ಳಿಗೆ ಹೇಳಿದಳು: “ಇವತ್ತು ಸಂಜೆಯಿಂದ ನಮ್ಮೋರು ನಾಲ್ಕೈದು ಜನ ನಿಮ್ಮಲ್ಲಿ ಊಟಕ್ಕೆ ಬರ್ತಾರೆ. ಇರೋದನ್ನ ಬಿಸಿ ಮಾಡಿಡು. ಸೂಪು ನಾನು ತರ್ತೀನಿ.”

ಅದು ಕೇಳಿದ ಮಾತಲ್ಲ, ಹೊರಡಿಸಿದ ಆಜ್ಞೆ. ಸಂಜೆ ಬಾಗಿಲು ತೆಗೆದಾಗ ನಾಲ್ಕೈದು ಎಂದರೆ ಒಂಬತ್ತು ಎಂದು ಪ್ಲಂಕೆಟ್ ದಂಪತಿಗೆ ಗೊತ್ತಾಯಿತು. ಸೆಲಾಳ ಮೈದುನ ಬಿಯರಿನ ಫ್ರಿಜ್ಜನ್ನು ಮೊದಲ ಭೇಟಿಯಲ್ಲೇ ಅರ್ಧ ಇಳಿಸಿದ. ಗ್ಲೆನಿಸ್ ಅಜ್ಜಿಯ ಸೂಪನ್ನು ಎರಡು ಸಲ ಹಾಕಿಸಿಕೊಂಡು, “ಇಷ್ಟು ರುಚಿ ಯಾವುದರದ್ದು?” ಎಂದು ಕೇಳಿದಳು.

“ನಿನ್ನ ಸೀಗಡಿ ತಲೇದೇ,” ಎಂದಳು ಅಜ್ಜಿ.

ಇಷ್ಟು ವರ್ಷ ತಿರುಳು ತಿಂದು ರುಚಿಯನ್ನು ಲಾರಿಗೆ ಹಾಕಿದ್ದೇವೆಂದು ತಿಳಿದು ಗ್ಲೆನಿಸ್ ಕೊಂಚ ಹೊತ್ತು ಚಮಚ ಕೆಳಗಿಟ್ಟಳು. ಆಮೇಲೆ ಮೂರನೆಯ ಸಲ ಹಾಕಿಸಿಕೊಂಡಳು.

ಸೆಲಾಳ ಮನೆಯ ಕರಾರು ಮುಂದುವರಿಯಿತು. ಮರ್ವಿನ್ ಸಹಕಾರ್ಯದರ್ಶಿಯಾಗಿ ಏಜೆಂಟನ ಕಚೇರಿಗೆ ತಾನೇ ಹೋಗಿ, ಆ ಬೀದಿಯಲ್ಲಿ ಅತಿ ಹೆಚ್ಚು ಭಾರ ಹಾಕುವವರು ಇಬ್ಬರು, ಅವರಲ್ಲಿ ಒಬ್ಬ ತಾನು ಎಂದು ವಿವರಿಸಿ ಬಂದ. ಏಜೆಂಟನಿಗೆ ಅರ್ಥವಾಗಲಿಲ್ಲ, ಆದರೆ ಈ ಮನುಷ್ಯ ಮತ್ತೆ ಬಂದು ಮತ್ತೆ ವಿವರಿಸುವುದು ಬೇಡವೆಂದು ಸಹಿ ಹಾಕಿದ. ‘ಹೊರುವ ಶಕ್ತಿ’ಯ ಮೇಲೆ ಮರ್ವಿನ್‌ನ ಚಿಂತೆ ಮಾತ್ರ ಕಡಿಮೆಯಾಗಲಿಲ್ಲ. ಗುರುವಾರ ಪಾಠದಲ್ಲಿ ಕೈಯೆತ್ತಿ, “ಜನ ಜಾಸ್ತಿ ಆದಷ್ಟೂ ಕಸ ಕಡಿಮೆ ಆಗೋದುಂಟಾ ಸಾರ್?” ಎಂದು ಕೇಳಿದಾಗ ಮೇಷ್ಟ್ರು, ಅದು ಮುಂದಿನ ಪಾಠದಲ್ಲಿದೆ ಎಂದರಂತೆ.

ಮುಂದಿನ ಮಂಗಳವಾರ ಸಂಜೆ ಮರ್ವಿನ್ ತೊಟ್ಟಿಯನ್ನು ರಸ್ತೆ ಬದಿಗೆ ತಳ್ಳಿಕೊಂಡು ಹೋದ. ಬರಿಗಾಲಿನಲ್ಲಿದ್ದ. ಬಾಗಿಲ ಮುಂದಿನ ಚಪ್ಪಲಿ ರಾಶಿಯಲ್ಲಿ ಅವನದು ಸಿಕ್ಕಿರಲಿಲ್ಲ. ಮುಚ್ಚಳವನ್ನು ಒಂದು ಬೆರಳಿನಿಂದ ತಟ್ಟಿದ. ‘ಟಪ್’ ಎಂದು ಮುಚ್ಚಿಕೊಂಡಿತು. ಆ ಸದ್ದು ಇನ್ನೊಮ್ಮೆ ಕೇಳಬೇಕೆನಿಸಿ ತೆಗೆದು ಮತ್ತೆ ಮುಚ್ಚಿದ. ಕೆಂಬರಲು ಹಕ್ಕಿ ಬೇಸರದಿಂದ ನೋಡಿ, ಡೆನ್ಜಿಲ್‌ನ ಮನೆಯ ಕಡೆ ನಡೆದುಹೋಯಿತು.

ಮರ್ವಿನ್ ಒಳಗೆ ಬಂದು ಕಿಟಕಿಯ ಹತ್ತಿರ ಕೂತ. ಪಕ್ಕದಲ್ಲಿ ಅಜ್ಜಿ ಗೆಡ್ಡೆ ಸುಲಿಯುತ್ತಿದ್ದಳು. ಇನ್ನೂ ಬೆಳಕಿತ್ತು. ಡೆನ್ಜಿಲ್ ತನ್ನ ದೋಣಿಯ ಹಿಂದಿನಿಂದ ಹೊರಬಂದ. ಕಂಕುಳಲ್ಲಿ ಒಂದು ಉಬ್ಬಿದ ಚೀಲವಿತ್ತು. ಆಚೆ ನೋಡಿದ, ಈಚೆ ನೋಡಿದ. ಪ್ಲಂಕೆಟ್ ತೊಟ್ಟಿಯ ಹತ್ತಿರ ಬಂದು ಮುಚ್ಚಳ ತೆರೆದು, ಚೀಲ ಎಷ್ಟು ಒಳಗೆ ಇಳಿಯುತ್ತದೆಂದು ಬಗ್ಗಿ ನೋಡಿದ. ಇನ್ನೂ ಒಂದು ಗೇಣು ಬಗ್ಗಿದ.

ಅಜ್ಜಿಯ ಕೈಯಲ್ಲಿ ಚಾಕು ನಿಂತಿತು.

“ಅಯ್ಯೋ, ಇವನೂನಾ?” ಎಂದಳು ಮರುಕದಿಂದ. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು, ಒಳಗೆ ಕೂಗಿದಳು:

“ಗ್ಲೆನಿಸ್! ದೊಡ್ಡ ತಟ್ಟೆ ತಾ!”